ಎರಡು ಕೆಂಪು ಹರಳುಗಳು

ನಮ್ಮ ಮನೆಗಳಲ್ಲಿ ಕೆಂಪಗಿರುವ ಹರಳಿಗೆಲ್ಲ ಒಂದೇ ಹೆಸರು, ‘ಕೆಂಪು’. ಕೆಂಪಿನ ಓಲೆ, ಕೆಂಪಿನ ಉಂಗುರ, ಕೆಂಪಿನ ಅಡ್ಡಿಕೆ. ಅದು ಮಾಣಿಕ್ಯವೋ ಮತ್ತೊಂದೋ ಎಂದು ಯಾರೂ ಕೇಳುತ್ತಿರಲಿಲ್ಲ. ಅಮ್ಮ ಹೋದಮೇಲೆ ಅವಳ ಎರಡು ಕೆಂಪಿನ ಉಂಗುರಗಳನ್ನು ನಾನೂ ತಂಗಿಯೂ ಒಂದೊಂದು ಇಟ್ಟುಕೊಂಡೆವು. ಕಲ್ಲು ಅಲುಗಾಡುತ್ತಿದೆಯೆಂದು ತಂಗಿ ತನ್ನದನ್ನು ಅಂಗಡಿಗೆ ಕೊಟ್ಟಾಗ ಅವರು ಪರೀಕ್ಷೆ ಮಾಡಿಸಿ, ಇದು ಮಾಣಿಕ್ಯವಲ್ಲ, ಸ್ಪಿನೆಲ್ ಎಂದು ಚೀಟಿ ಕೊಟ್ಟರು. ನನ್ನದನ್ನೂ ನೋಡಿಸಿದೆವು. ಅದು ಮಾಣಿಕ್ಯವೇ. “ಅಕ್ಕಾ, ನನಗೆ ಬಂದದ್ದು ಖೋಟಾ” ಎಂದು ಅವಳು ಅತ್ತಳು. ಬೆಲೆಗಾಗಿ ಅತ್ತದ್ದಲ್ಲ. ಅಮ್ಮನಿಂದ ತನಗೆ ಕಡಿಮೆಯದು ಬಂತೆಂಬ ಸಂಕಟ. ಅಕ್ಕತಂಗಿಯರಿರುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಖೋಟಾ ಎಂಬ ಮಾತನ್ನು ಮಾತ್ರ ನಾನು ಒಪ್ಪಲಿಲ್ಲ. ನಾನು ಸಮಾಜ ಪಾಠ ಹೇಳುವವಳು. ನಮ್ಮ ಶಾಲೆಯ ವಿಜ್ಞಾನದ ಮೇಡಂ ಅವರನ್ನು ಕೇಳಿ, ನಾಲ್ಕು ಪುಸ್ತಕ ತಿರುವಿಹಾಕಿದೆ. ಮಾಣಿಕ್ಯವೆಂದರೆ ಅಲ್ಯೂಮಿನಿಯಂ ಮತ್ತು ಆಮ್ಲಜನಕ ಕೂಡಿ ಆದ ಹರಳು. ಸ್ಪಿನೆಲ್‌ನಲ್ಲಿ ಇವೆರಡರ ಜೊತೆಗೆ ಮೆಗ್ನೀಸಿಯಂ ಸೇರಿದೆ. ಎರಡಕ್ಕೂ ಕೆಂಪು ಕೊಡುವುದು ಚಿಟಿಕೆಯಷ್ಟು ಕ್ರೋಮಿಯಂ. ಬರ್ಮಾದ ಮೊಗೋಕ್ ಸೀಮೆಯಲ್ಲಿ ಎರಡೂ ಒಂದೇ ಜಲ್ಲಿಯಲ್ಲಿ ಸಿಗುತ್ತವೆ. ಇನ್ನು ಬರಿಗಣ್ಣಿಗೆ ಹೇಗೆ ತಿಳಿಯಬೇಕು?

ಗಡಸುತನದ ಅಳತೆಯಲ್ಲಿ ಮಾಣಿಕ್ಯ 9, ಸ್ಪಿನೆಲ್ 8. ಬೀದಿ ಧೂಳಿನಲ್ಲಿರುವ ಬೆಣಚುಕಲ್ಲಿನ ಪುಡಿ 7. ಆದ್ದರಿಂದ ದಿನಾ ಹಾಕಿಕೊಂಡರೂ ಧೂಳಿನಿಂದ ಎರಡಕ್ಕೂ ಗೀರು ಬೀಳದು. (ವಜ್ರದ ಒಡವೆಯ ಜೊತೆ ಒಂದೇ ಡಬ್ಬಿಯಲ್ಲಿ ತುರುಕಿಟ್ಟರೆ ಎರಡಕ್ಕೂ ಗೀರು ಬೀಳಬಹುದು!) ತೂಕದಲ್ಲಿ, ಅಷ್ಟೇ ಗಾತ್ರದ ನೀರಿಗಿಂತ ಮಾಣಿಕ್ಯ 4 ಪಟ್ಟು, ಸ್ಪಿನೆಲ್ 3.6 ಪಟ್ಟು. ಗುಟ್ಟೆಲ್ಲ ಇರುವುದು ಬೆಳಕಿನಲ್ಲಿ. ಮಾಣಿಕ್ಯದೊಳಗೆ ಹೊಕ್ಕ ಬೆಳಕು ಎರಡಾಗಿ ಒಡೆಯುತ್ತದೆ. ಪರೀಕ್ಷಕರ ಪುಟ್ಟ ಉಪಕರಣದಲ್ಲಿ ನೋಡಿದರೆ ನೇರಳೆ ಬೆರೆತ ಕೆಂಪು ಒಂದು, ಕಿತ್ತಳೆ ಬೆರೆತ ಕೆಂಪು ಇನ್ನೊಂದು ಕಾಣುತ್ತದೆ. ಸ್ಪಿನೆಲ್ ಅನ್ನು ಯಾವ ಮಗ್ಗುಲಿಗೆ ತಿರುಗಿಸಿದರೂ ಒಂದೇ ಕೆಂಪು.

ಈಗ ಮಾರಾಟವಾಗುವ ಮಾಣಿಕ್ಯಗಳಲ್ಲಿ ಹೆಚ್ಚಿನವು ಬಣ್ಣಕ್ಕಾಗಿ ಕಾಯಿಸಿದವು. ಅಗ್ಗದವುಗಳ ಬಿರುಕಿಗೆ ಸೀಸದ ಗಾಜು ತುಂಬಿರುತ್ತಾರೆ. ನಿಂಬೆಹುಳಿ ತಗುಲಿದರೂ ಆ ಗಾಜು ಕೆಡುತ್ತದೆ. ಅಡಿಗೆಮನೆಯಲ್ಲಿರುವ ನಾವು ಇದನ್ನು ತಿಳಿದಿರಬೇಕು. ಸ್ಪಿನೆಲ್ ಬಹುಮಟ್ಟಿಗೆ ಗಣಿಯಿಂದ ಬಂದ ಬಣ್ಣದಲ್ಲೇ ಇರುತ್ತದೆ. ಹಾಗಿದ್ದರೂ ಉತ್ತಮ ಮಾಣಿಕ್ಯಕ್ಕೇ ಬೆಲೆ ಹೆಚ್ಚು. ತಂಗಿಯಿಂದ ಅದನ್ನು ಮುಚ್ಚಿಡಲಿಲ್ಲ. ಬೇಕಾದರೆ ಬದಲಾಯಿಸಿಕೊಳ್ಳೋಣ ಎಂದೆ. “ನಿನ್ನ ಬೆರಳಿಗೆ ಇದು ಹಿಡಿಯುವುದಿಲ್ಲ ಬಿಡು” ಎಂದಳು.

ಆಮೇಲೆ ನನ್ನ ಪಾಠದ ವಿಷಯಕ್ಕೆ ಬಂದೆ. ಇಂಗ್ಲೆಂಡಿನ ರಾಜ ಚಾರ್ಲ್ಸ್ 2023ರ ಪಟ್ಟಾಭಿಷೇಕದ ದಿನ ತೊಟ್ಟ ಕಿರೀಟವೊಂದರ ಮುಂಭಾಗದಲ್ಲಿ ಕೋಳಿಮೊಟ್ಟೆ ನೆನಪಿಸುವಂಥ ದೊಡ್ಡ ಕೆಂಪು ಹರಳಿದೆ. ‘ಬ್ಲ್ಯಾಕ್ ಪ್ರಿನ್ಸ್ ರೂಬಿ’ ಎಂದು ಹೆಸರು, ಸುಮಾರು 170 ಕ್ಯಾರೆಟ್ ತೂಕ. ಅದು ಸ್ಪಿನೆಲ್. ಯುರೋಪಿನಲ್ಲಿ ಇವೆರಡನ್ನು ಬೇರೆ ಬೇರೆ ಖನಿಜವೆಂದು ವಿಂಗಡಿಸಿದ್ದೇ 1783ರಲ್ಲಿ, ರೋಮೆ ದ ಲಿಲ್ ಎಂಬ ಫ್ರೆಂಚ್ ವಿದ್ವಾಂಸ. ನಮ್ಮ ಮೊಗಲರಿಗೆ ಅದಕ್ಕೂ ಮೊದಲೇ ಬೇರೆ ಬೇರೆ ಹೆಸರುಗಳು ಗೊತ್ತಿದ್ದವು. ಮಾಣಿಕ್ಯಕ್ಕೆ ಯಾಕೂತ್, ಬದಖ್‌ಶಾನದಿಂದ ಬರುತ್ತಿದ್ದ ಸ್ಪಿನೆಲ್‌ಗೆ ಲಾಲ್. ಜಹಾಂಗೀರ್, ಷಾಜಹಾನ್ ತಮ್ಮ ಹೆಸರು ಕೆತ್ತಿಸಿಕೊಂಡದ್ದು ಇಂಥ ಲಾಲ್ ಹರಳುಗಳ ಮೇಲೆ.

ತಂಗಿಯ ಮಗಳು ಈಗ ಅದನ್ನು ಅಜ್ಜಿಯ ಲಾಲ್ ಉಂಗುರ ಎನ್ನುತ್ತಾಳೆ.