ನಾಲ್ಕು ಕೌಂಟರಿನ ಲೆಕ್ಕ

ಎಪ್ಪತ್ತು ದಾಟಿದವನು ಕಂಪ್ಯೂಟರಿನ ಹೊಟ್ಟೆಯೊಳಗಿನ ವಿಷಯ ಬರೆಯುವುದೇ ಎಂದು ಮಕ್ಕಳು ನಗಬಹುದು. ನಗಲಿ. ಈ ವಿಷಯ ನನ್ನ ತಲೆಗೆ ಹತ್ತಿದ್ದು ಬ್ಯಾಂಕಿನ ಕೌಂಟರಿನಿಂದಲೇ. ಸಂಬಳದ ದಿನ ಜನರ ಸಾಲು ಕರಗುವುದು ಎರಡರಿಂದ: ಎಷ್ಟು ಕೌಂಟರು ತೆರೆದಿವೆ, ಗುಮಾಸ್ತನ ಕೈ ಎಷ್ಟು ಚುರುಕು.

ನಮ್ಮ ಮನೆಯ ಕಂಪ್ಯೂಟರಿನ ಹಳೆಯ ಹಾರ್ಡ್ ಡಿಸ್ಕ್ ಕಳೆದ ವರ್ಷ ಕಟಕಟ ಎನ್ನತೊಡಗಿತು. ಅದರಲ್ಲಿ ನನ್ನಾಕೆ ಮೊಮ್ಮಕ್ಕಳಿಗೆ ಹೇಳುತ್ತಿದ್ದ ಕಥೆಗಳ ಧ್ವನಿಮುದ್ರಣವಿದೆ. ಆಕೆ ಈಗಿಲ್ಲ. ಹತ್ತನೇ ತರಗತಿಯ ಮೊಮ್ಮಗಳು ಹಬ್ಬದಲ್ಲಿ ಸಿಕ್ಕ ದುಡ್ಡನ್ನೆಲ್ಲ ಕೂಡಿಟ್ಟಿದ್ದಳು. "ತಾತ, ಎಸ್‌ಎಸ್‌ಡಿ ಹಾಕೋಣ, ಸೆಕೆಂಡಿಗೆ 7,000 ಎಂಬಿ ಓದುತ್ತದಂತೆ" ಎಂದಳು.

"ಓದುವುದು ಅದು ಸರಿ, ಸಾಗಿಸುವ ದಾರಿ ಹೇಗಿದೆ?" ಎಂದೆ. ಇಬ್ಬರೂ ಮದರ್‌ಬೋರ್ಡಿನ ಕೈಪಿಡಿ ಹುಡುಕಿ ತೆಗೆದೆವು.

ಎಸ್‌ಎಸ್‌ಡಿ ಕೂರುವ ಉದ್ದನೆಯ ಕಿಂಡಿಗೆ ಎಂ.2 ಸ್ಲಾಟ್ ಎನ್ನುತ್ತಾರೆ. ಅಲ್ಲಿಂದ ಮಾಹಿತಿ ಹರಿಯುವ ದಾರಿಗಳು ಲೇನ್‌ಗಳು. ಇವೇ ನಮ್ಮ ಕೌಂಟರುಗಳು. ಪಿಸಿಐ ಎಕ್ಸ್‌ಪ್ರೆಸ್ 3.0 ಎಂದರೆ ಒಂದು ಕೌಂಟರಿನಿಂದ ಸೆಕೆಂಡಿಗೆ ಸುಮಾರು 1,000 ಎಂಬಿ. 4.0 ಆದರೆ ಗುಮಾಸ್ತ ಇಮ್ಮಡಿ ಚುರುಕು, ಸುಮಾರು 2,000. ನಾಲ್ಕು ಕೌಂಟರಿಗೆ ಲೆಕ್ಕ ಹಾಕಿ. ಖರ್ಚುವೆಚ್ಚ ಕಳೆದು 3.0ರಲ್ಲಿ ಕೈಗೆ ಸಿಗುವುದು 3,500ರ ಆಸುಪಾಸು, 4.0ರಲ್ಲಿ 7,000.

ನಮ್ಮ ಬೋರ್ಡಿನಲ್ಲಿ ಎರಡು ಸ್ಲಾಟ್. ಮೇಲಿನದು 3.0, ನಾಲ್ಕು ಲೇನ್. ಕೆಳಗಿನದು 3.0, ಎರಡೇ ಲೇನ್. ಮೊಮ್ಮಗಳ ದುಬಾರಿ ಡ್ರೈವ್ ಎರಡರಲ್ಲೂ ಕೂರುತ್ತದೆ, ಕೆಲಸವನ್ನೂ ಮಾಡುತ್ತದೆ. ಆದರೆ ಮೇಲೆ ಅರ್ಧ ವೇಗ, ಕೆಳಗೆ ಕಾಲು ವೇಗ. ಹಾಸಿಗೆ ಇದ್ದಷ್ಟೇ ಕಾಲು ಚಾಚಬೇಕು!

ಇನ್ನೊಂದು ಎಚ್ಚರ. ಎಂ.2 ಎನ್ನುವುದು ಆಕಾರದ ಹೆಸರು ಮಾತ್ರ. ಕೆಲವು ಎಂ.2 ಸ್ಲಾಟ್‌ಗಳು ಹಳೆಯ ಸಾಟಾ ಪದ್ಧತಿಯವು. ಅದರ ಮಿತಿ 550 ಎಂಬಿಯಷ್ಟು. ಅಂಥದ್ದರಲ್ಲಿ ಎನ್‌ವಿಎಂಇ ಡ್ರೈವ್ ಹಾಕಿದರೆ ಕಂಪ್ಯೂಟರಿಗೆ ಅದು ಕಾಣುವುದೇ ಇಲ್ಲ. ಕೆಲವು ಬೋರ್ಡುಗಳಲ್ಲಿ ಎಂ.2 ಸ್ಲಾಟ್ ತುಂಬಿದರೆ ಒಂದು ಸಾಟಾ ಕಿಂಡಿ ಮುಚ್ಚಿಹೋಗುತ್ತದೆ. ಇದೆಲ್ಲ ಕೈಪಿಡಿಯಲ್ಲಿ ಸಣ್ಣಕ್ಷರದಲ್ಲಿರುತ್ತದೆ. ಸಣ್ಣಕ್ಷರ ಓದುವುದು ಬ್ಯಾಂಕಿನವರ ಅಭ್ಯಾಸ.

ಮೊಮ್ಮಗಳ ಮುಖ ಬಾಡಿತು. "ಹಾಗಾದರೆ ನಮ್ಮದು ನಿಧಾನವೇ?" ಅಲ್ಲ ಪುಟ್ಟಿ. ತಿರುಗುವ ಹಾರ್ಡ್ ಡಿಸ್ಕ್ ಕೊಡುತ್ತಿದ್ದುದು ಸೆಕೆಂಡಿಗೆ ನೂರಿನ್ನೂರು ಎಂಬಿ. ಅದರ ಮುಂದೆ 3,500 ಎಂದರೆ ಎತ್ತಿನ ಗಾಡಿಯ ಮುಂದೆ ರೈಲು. ಕಂಪ್ಯೂಟರ್ ಶುರುವಾಗುವಾಗ, ಪುಟ ತೆರೆಯುವಾಗ ಓದುವುದು ಚಿಕ್ಕ ಚಿಕ್ಕ ಕಡತಗಳನ್ನು. ಅಲ್ಲಿ 3,500ಕ್ಕೂ 7,000ಕ್ಕೂ ಇರುವ ಅಂತರ ನಮ್ಮ ಕಣ್ಣಿಗೆ ಬೀಳುವುದು ಅಪರೂಪ. ದೊಡ್ಡ ವಿಡಿಯೋಗಳನ್ನು ದಿನವಿಡೀ ಸಾಗಿಸುವವರಿಗೆ ಅದು ಬೇಕು.

ಕೊನೆಗೆ 3.0 ಡ್ರೈವನ್ನೇ ಕೊಂಡು ಮೇಲಿನ ಸ್ಲಾಟಿಗೆ ಹಾಕಿದೆವು. ಉಳಿದ ದುಡ್ಡಿಗೆ ನನ್ನ ಪಿಂಚಣಿಯದಿಷ್ಟು ಸೇರಿಸಿ ಹೊರಗಿಡುವ ಒಂದು ಡಿಸ್ಕ್ ತಂದೆವು. ಯಾವ ಡ್ರೈವೂ ಚಿರಂಜೀವಿಯಲ್ಲ, ಎಸ್‌ಎಸ್‌ಡಿಯೂ ಅಷ್ಟೇ. ಲೆಡ್ಜರಿಗೆ ಇನ್ನೊಂದು ಪ್ರತಿ ಇರಲೇಬೇಕು. ಅಜ್ಜಿಯ ಕಥೆಗಳು ಈಗ ಎರಡು ಕಡೆ ಇವೆ. ಡಿಸ್ಕನ್ನು ಮೊಮ್ಮಗಳೇ ಬಟ್ಟೆಯಲ್ಲಿ ಸುತ್ತಿ ಅಜ್ಜಿಯ ಬೀರುವಿನಲ್ಲಿಟ್ಟಿದ್ದಾಳೆ. ತಿಂಗಳಿಗೊಮ್ಮೆ ತೆಗೆದು, ಕಥೆ ಕೇಳಿಸುತ್ತದೆಯೇ ಎಂದು ಪರೀಕ್ಷಿಸುತ್ತಾಳೆ. ಒಂದೇ ಕಥೆ ಹಾಕಿ ನೋಡಿದರೆ ಸಾಕು. ಆದರೆ ಅವಳು ಎಲ್ಲವನ್ನೂ ಕೇಳುತ್ತಾಳೆ.