ದಂಡಿಗೆ ಹೋದವರ ಬಾಳುವೆ

ದೂರದ ಬೆಟ್ಟವು ಕಣ್ಣಿಗೆ ನುಣ್ಣಗೆ ಎಂಬ ಗಾದೆಯನ್ನು ನಾವು ಹತ್ತೆಂಟು ಸಂಗತಿಗಳಿಗೆ ಹೇಳುತ್ತೇವೆ. ಆದರೆ ಅದು ಸಿಪಾಯಿಯ ಬಾಳಿಗೆ ಒಪ್ಪುವಷ್ಟು ಬೇರೆ ಯಾವದಕ್ಕೂ ಒಪ್ಪಲಾರದು. ಊರಲ್ಲಿ ಕುಳಿತ ನಮಗೆ ಯುದ್ಧವೆಂದರೆ ದೊಡ್ಡಾಟದ ರಂಗದಂತೆ ತೋರುತ್ತದೆ. ಅಲ್ಲಿ ವೀರನು ಭುಜಕೀರ್ತಿ ಧರಿಸಿ, ಗೆಜ್ಜೆ ಕಟ್ಟಿ, ಅಟ್ಟವು ಮುರಿಯುವಂತೆ ಕುಣಿದು, ವೈರಿಯನ್ನು ಹೆಸರುಗೊಂಡು ಕರೆಯುತ್ತಾನೆ. ವೈರಿಯೂ ಅಷ್ಟೇ ಗಟ್ಟಿಯಾಗಿ ಉತ್ತರ ಕೊಡುತ್ತಾನೆ. ಬೆಳಗಾಗುವದರೊಳಗೆ ಒಬ್ಬನು ಗೆದ್ದು ಒಬ್ಬನು ಬಿದ್ದು ಮಂಗಳಾರತಿಯಾಗುತ್ತದೆ. ಚಲಚ್ಚಿತ್ರಗಳು ಬಂದ ಮೇಲೆ ಗದೆಯ ಬದಲು ಬಂದೂಕು ಬಂದಿತು. ಮಿಕ್ಕದ್ದು ಇದ್ದಂತೆಯೇ ಉಳಿಯಿತು. ಸಿಪಾಯಿ ಎಂದರೆ ಸದಾ ಗುಂಡು ಹಾರಿಸುವವನು, ಅಂಜಿಕೆಯನ್ನು ಅರಿಯದವನು, ಸಾವು ಬಂದರೆ ವೈರಿಯ ಕೈಯಿಂದಲೇ ಬರುವಂಥವನು ಎಂಬ ಚಿತ್ರವು ನಮ್ಮ ಮನಸ್ಸಿನಲ್ಲಿ ಅಚ್ಚೊತ್ತಿದೆ.

ಈ ಚಿತ್ರವು ಎಷ್ಟು ಪೊಳ್ಳೆಂಬುದನ್ನು ನಮ್ಮ ಕುಂದಗೋಳ ತಾಲೂಕಿನವರು ಬೇರೆಯವರಿಗಿಂತ ಚೆನ್ನಾಗಿ ತಿಳಿದಿರಬೇಕು. ಎತ್ತ ನೋಡಿದರೂ ಎರೆಹೊಲ, ಹತ್ತಿ, ಮೆಣಸಿನಕಾಯಿ, ಶೇಂಗಾ. ಹಿಮವೆಂಬುದನ್ನು ಕಣ್ಣಾರೆ ಕಂಡವರು ಊರಿಗೊಬ್ಬರು ಸಿಕ್ಕರೆ ಹೆಚ್ಚು. ಇಂಥ ಬಯಲು ಸೀಮೆಯ ಬೆಟದೂರಿನವರು ಲ್ಯಾನ್ಸ್ ನಾಯಕ ಹನುಮಂತಪ್ಪ ಕೊಪ್ಪದ. ಅವರ ಹೆಸರನ್ನು ಅರಿಯದವರು ಈ ನಾಡಿನಲ್ಲಿ ವಿರಳ. 2016ನೆಯ ಇಸವಿಯ ಫೆಬ್ರುವರಿ 3ರಂದು ಸಿಯಾಚಿನ್ ಹಿಮನದಿಯ ಪ್ರದೇಶದಲ್ಲಿ, 19,600 ಅಡಿ ಎತ್ತರದ ಸೋನಮ್ ಎಂಬ ಠಾಣ್ಯದ ಮೇಲೆ ಹಿಮದ ಗೋಡೆಯೊಂದು ಕುಸಿದು ಬಿದ್ದಿತು. ಮದ್ರಾಸ್ ರೆಜಿಮೆಂಟಿನ 19ನೆಯ ಪಲ್ಟಣದ ಹತ್ತು ಜನರು ಅದರಡಿಯಲ್ಲಿ ಹೂತುಹೋದರು. ಹಾಸನ ಜಿಲ್ಲೆಯ ಸುಬೇದಾರ ಟಿ. ಟಿ. ನಾಗೇಶ, ಮೈಸೂರು ಜಿಲ್ಲೆಯ ಸಿಪಾಯಿ ಪಿ. ಎನ್. ಮಹೇಶ ಇವರೂ ಆ ಹತ್ತು ಜನರಲ್ಲಿದ್ದರು. ನೂರಾರು ಸಿಪಾಯಿಗಳು ಕಲ್ಲಿನಷ್ಟು ಗಟ್ಟಿಯಾದ ಹಿಮವನ್ನು ಯಂತ್ರಗಳಿಂದ ಕೊರೆಯುತ್ತ, ನಾಯಿಗಳಿಂದ ವಾಸನೆ ಹಿಡಿಸುತ್ತ ಹುಡುಕಿದರು. ಆರನೆಯ ದಿನ, ಸುಮಾರು 25 ಅಡಿ ಆಳದಲ್ಲಿ, ಹನುಮಂತಪ್ಪನವರು ಜೀವದಿಂದಿರುವದು ಕಂಡುಬಂದಿತು. ಅವರನ್ನು ದಿಲ್ಲಿಯ ಸೇನಾ ಆಸ್ಪತ್ರೆಗೆ ಒಯ್ದರು. ದೇಶವೆಲ್ಲ ಹರಕೆ ಹೊತ್ತಿತು. ಫೆಬ್ರುವರಿ 11ರಂದು ಅವರು ತೀರಿಕೊಂಡರು. ಮರುದಿನ ಬೆಟದೂರಿನ ಮಣ್ಣಿನಲ್ಲಿ ಅವರ ಅಂತ್ಯಸಂಸ್ಕಾರವಾಯಿತು. ಉಳಿದ ಒಂಬತ್ತು ಜನರಲ್ಲಿ ಯಾರೂ ಉಳಿದಿರಲಿಲ್ಲ.

ಇಲ್ಲಿ ವಾಚಕರು ಒಂದು ಸಂಗತಿಯನ್ನು ಗಮನಿಸಬೇಕು. ಆ ಬೆಳಗಿನಲ್ಲಿ ಯಾವ ವೈರಿಯೂ ಗುಂಡು ಹಾರಿಸಿರಲಿಲ್ಲ. ಸಿಯಾಚಿನ್‌ನಲ್ಲಿ ಭಾರತದ ಸೇನೆಯು 1984ರ ಏಪ್ರಿಲ್ 13ರಂದು ಕಾಲಿಟ್ಟಿತು. 2003ರ ನವೆಂಬರದಲ್ಲಿ ಅಲ್ಲಿ ಗುಂಡಿನ ಕಾಳಗವು ನಿಂತಿತು. ಮೊದಲಿನಿಂದಲೂ ಅಲ್ಲಿ ಸತ್ತವರಲ್ಲಿ ಹೆಚ್ಚಿನವರು ಚಳಿಗೆ, ಹಿಮಕುಸಿತಕ್ಕೆ, ಬಿರುಕುಗಳಿಗೆ, ಉಸಿರಿನ ಬೇನೆಗೆ ತುತ್ತಾದವರು. ಆಚೆಯ ಕಡೆಯವರ ಪಾಡೂ ಇದೇ. 2012ರ ಏಪ್ರಿಲ್ 7ರಂದು ಗಯಾರಿ ಎಂಬಲ್ಲಿ ಹಿಮವು ಕುಸಿದು ಪಾಕಿಸ್ತಾನದ 140 ಜನರು ಮಡಿದರು. ಹಿಮಕ್ಕೆ ನಮ್ಮವರು, ಪರರು ಎಂಬ ಭೇದವಿಲ್ಲ.

ಹಾಗಾದರೆ ಅಲ್ಲಿ ಸಿಪಾಯಿಯು ದಿನವಿಡೀ ಮಾಡುವದೇನು? ನಮ್ಮ ಮನೆಗಳ ಹೆಣ್ಣುಮಕ್ಕಳು ಇದನ್ನು ಗಂಡಸರಿಗಿಂತ ಬೇಗ ತಿಳಿಯಬಲ್ಲರು. ಏಕೆಂದರೆ ಅವನ ದಿನದ ಬಹುಭಾಗವು ನೀರು, ಒಲೆ, ಅಡಿಗೆ, ಕಸ ಇವುಗಳಲ್ಲಿಯೇ ಕಳೆಯುತ್ತದೆ. ಕುಡಿಯುವ ನೀರು ಬೇಕಾದರೆ ಹಿಮವನ್ನು ತಂದು ಸೀಮೆಯೆಣ್ಣೆಯ ಸ್ಟೋವಿನ ಮೇಲೆ ಕರಗಿಸಬೇಕು. ನೀರು 100 ಡಿಗ್ರಿಗೆ ಕುದಿಯುವದೆಂದು ಶಾಲೆಯ ಹುಡುಗರು ಬಾಯಿಪಾಠ ಮಾಡುತ್ತಾರೆ. ಆ ಎತ್ತರದಲ್ಲಿ ಗಾಳಿಯ ಒತ್ತಡವು ನಮ್ಮಲ್ಲಿರುವದರ ಅರ್ಧದಷ್ಟೇ ಇರುವದರಿಂದ ಅದು ಸುಮಾರು 80 ಡಿಗ್ರಿಗೇ ಕುದಿದುಬಿಡುತ್ತದೆ. ಆ ಕುದಿಯುವ ನೀರಿನಲ್ಲಿ ಬೇಳೆ ಹಾಕಿ ಎಷ್ಟು ಹೊತ್ತು ಕಾದರೂ ಬೇಯದು. ಬಿಗಿಮುಚ್ಚಳದ ಕುಕ್ಕರಿಲ್ಲದೆ ಅಡಿಗೆಯೇ ಸಾಗದು. ಕಿತ್ತಳೆ ಹಣ್ಣು ಕಲ್ಲಾಗುತ್ತದೆ. ಬರಿಗೈಯಿಂದ ಬಂದೂಕಿನ ಕಬ್ಬಿಣವನ್ನು ಮುಟ್ಟಿದರೆ ಚರ್ಮವು ಅದಕ್ಕೆ ಅಂಟಿಕೊಳ್ಳುತ್ತದೆ. ಕಾಲಿನ ಬೆವರು ಬೂಟಿನೊಳಗೆ ಹೆಪ್ಪುಗಟ್ಟಿದರೆ ಬೆರಳುಗಳೇ ಹೋಗಬಹುದು. ಆದುದರಿಂದ ಕಾಲುಚೀಲವನ್ನು ಒಣಗಿಸುವದು ಅಲ್ಲಿ ಕಾವಲಿನಷ್ಟೇ ದೊಡ್ಡ ಕೆಲಸ. ಹಸಿವು ಸಾಯುತ್ತದೆ, ನಿದ್ದೆ ಹಾರುತ್ತದೆ, ಮೈ ಇಳಿಯುತ್ತದೆ. ನಡೆಯುವಾಗ ಒಬ್ಬರಿಗೊಬ್ಬರು ಹಗ್ಗ ಕಟ್ಟಿಕೊಂಡು ನಡೆಯುತ್ತಾರೆ. ಒಬ್ಬನು ಬಿರುಕಿಗೆ ಬಿದ್ದರೆ ಉಳಿದವರು ಅವನನ್ನು ಹಿಡಿಯಬೇಕು. ಇಷ್ಟೆಲ್ಲದರ ನಡುವೆ ಕಣ್ಣಿಗೆ ಬೀಳದ ವೈರಿಗಾಗಿ ರಾತ್ರಿಯೆಲ್ಲ ಕಣ್ಣು ತೆರೆದುಕೊಂಡು ನಿಲ್ಲಬೇಕು. ಏನೂ ನಡೆಯದಿದ್ದರೆ ಆ ರಾತ್ರಿಯು ಸಾರ್ಥಕವಾದಂತೆ.

ನಮ್ಮ ಓಣಿಯ ತರುಣನೊಬ್ಬನು ಕೆಲವು ವರ್ಷಗಳ ಹಿಂದೆ ಇಂಥದೇ ಎತ್ತರದ ಠಾಣ್ಯದಲ್ಲಿದ್ದು ರಜೆಯ ಮೇಲೆ ಬಂದಿದ್ದನು. ಸಂಜೆ ಗುಡಿಯ ಕಟ್ಟೆಯ ಮೇಲೆ ಜನರು ಅವನನ್ನು ಮುತ್ತಿದರು. ಹಿರಿಯರೊಬ್ಬರು, “ತಮ್ಮಾ, ಎಷ್ಟ ಮಂದಿನ್ನ ಹೊಡದಿ?” ಎಂದು ಕೇಳಿದರು. ಅವನು ನಕ್ಕು, “ನಾ ಹೊಡದದ್ದು ಹಿಮಾನರೀ ಕಾಕಾ. ದಿನಾ ಮುಂಜಾನೆದ್ದು ಸಲಿಕಿ ತಗೊಂಡು ಡೇರೆದ ಮ್ಯಾಲಿನ ಹಿಮಾ ಹೊಡದು ಕೆಡವೂದು, ಅದ ನಮ್ಮ ಲಡಾಯಿ” ಎಂದನು. ಕೆಲವರು ಇವನು ಏನನ್ನೋ ಮುಚ್ಚಿಡುತ್ತಿದ್ದಾನೆಂದುಕೊಂಡರು. ಕೆಲವರ ಮೋರೆಯಲ್ಲಿ ನಿರಾಶೆಯು ಕಂಡಿತು. ಒಂದು ಗಳಿಗೆಯಲ್ಲಿ ಮಾತು ಹತ್ತಿಯ ದರದ ಕಡೆಗೆ ಹೊರಳಿತು, ಅವನೂ ಸುಮ್ಮನಾದನು. ಆ ರಾತ್ರಿ ಊಟಕ್ಕೆ ನಾನು ಅವರ ಮನೆಯಲ್ಲಿಯೇ ಇದ್ದೆನು. ಅವನ ತಾಯಿ ರೊಟ್ಟಿ ಬಡಿಯುತ್ತ, “ಅಲ್ಲಪಾ, ಒಂದ ಕೊಡಾ ನೀರ ಆಗಾಕ ಎಷ್ಟ ಹಿಮಾ ಬೇಕಾಗತಿತ್ತು?” ಎಂದು ಕೇಳಿದಳು. ಕಟ್ಟೆಯ ಮೇಲೆ ಎರಡು ಮಾತಾಡಿದವನು ಒಲೆಯ ಮುಂದೆ ಒಂದು ತಾಸು ಮಾತಾಡಿದನು. ಹಿಮದ ನೀರಿನ ರುಚಿ, ಸ್ಟೋವಿನ ಕಾಡಿಗೆ, ಪತ್ರಕ್ಕಾಗಿ ಕಾಯ್ದ ದಿನಗಳು, ಹೆಲಿಕಾಪ್ಟರಿನ ಸಪ್ಪಳಕ್ಕೆ ಎಲ್ಲರೂ ಹೊರಗೋಡಿ ಬರುತ್ತಿದ್ದುದು, ತನಗೆ ಎಷ್ಟೋ ಸಲ ಅಂಜಿಕೆಯಾಗುತ್ತಿದ್ದುದು, ಎಲ್ಲವನ್ನೂ ಹೇಳಿದನು. ಜೊತೆಯವನೊಬ್ಬನು ಉಸಿರಿನ ಬೇನೆಯಿಂದ ಬಿದ್ದ ರಾತ್ರಿಯ ಮಾತು ಬಂದಾಗ ಅವನ ದನಿ ಕುಗ್ಗಿತು. ತಾಯಿಯು ಏನೂ ಕೇಳದೆ ಇನ್ನೊಂದು ರೊಟ್ಟಿಯನ್ನು ತಾಟಿಗೆ ಹಾಕಿದಳು.

ಹಾಗೆಂದು ಕಾಳಗವೇ ಸುಳ್ಳೆಂದು ಯಾರೂ ಭಾವಿಸಬಾರದು. ಕಾಳಗವೂ ಉಂಟು, ಗುಂಡೂ ಉಂಟು. ಆದರೆ ಅದು ಕೂಡ ನಾವು ತಿಳಿದಂತಿಲ್ಲ. 1999ರ ಕಾರ್ಗಿಲ್ ಯುದ್ಧದಲ್ಲಿ ತೋಲೋಲಿಂಗ್ ಎಂಬ ಒಂದೇ ಶಿಖರವನ್ನು ಗೆಲ್ಲುವದಕ್ಕೆ ಸುಮಾರು ಮೂರು ವಾರಗಳು ಹಿಡಿದವು; ಜೂನ್ 13ರಂದು ಅದು ಕೈಸೇರಿತು. ಬೆನ್ನಮೇಲೆ ಹೊರೆ, ಕಾಲಡಿಯಲ್ಲಿ ಜಾರುವ ಕಲ್ಲು, ಮೇಲಿನಿಂದ ಗುಂಡಿನ ಮಳೆ. ರಾತ್ರಿ ಹತ್ತುವದು, ಹಗಲು ಬಂಡೆಯ ಮರೆಯಲ್ಲಿ ಅಲುಗಾಡದೆ ಬಿದ್ದಿರುವದು. ಚಲಚ್ಚಿತ್ರದಲ್ಲಿ ಹತ್ತು ನಿಮಿಷದಲ್ಲಿ ಮುಗಿಯುವ ಆ ಏರಿಕೆಯಲ್ಲಿ ಬಹುಪಾಲು ಕಾಯುವದೇ ಆಗಿತ್ತು. ಆ ಯುದ್ಧದಲ್ಲಿ ನಮ್ಮವರು 500ಕ್ಕೂ ಹೆಚ್ಚು ಜನರು ಮಡಿದರು. ಅಲ್ಲಿದ್ದವರಲ್ಲಿ ಅಂಜದವರು ಯಾರೂ ಇರಲಿಲ್ಲವೆಂದರೆ ಅವರ ಶೌರ್ಯಕ್ಕೆ ಕುಂದಿಲ್ಲ. ಅಂಜಿಕೆಯನ್ನು ಹೊತ್ತುಕೊಂಡೇ ಮುಂದಿನ ಹೆಜ್ಜೆ ಇಟ್ಟುದರಲ್ಲಿಯೇ ಶೌರ್ಯವಿದೆ.

ನೂರು ವರ್ಷಗಳ ಹಿಂದಿನ ಮಾತೂ ಇದಕ್ಕೆ ಸಾಕ್ಷಿಯಾಗಿದೆ. ಮೊದಲನೆಯ ಮಹಾಯುದ್ಧದಲ್ಲಿ ಮೆಸಪೊಟೇಮಿಯಾದ ಕೂತ್ ಎಂಬ ಊರಿನಲ್ಲಿ ಪುಣೆಯ ದಂಡು ಸಿಕ್ಕಿಬಿದ್ದಿತು. ಅದರಲ್ಲಿ ಮುಂಬಯಿ ಪ್ರಾಂತದ ಮರಾಠಾ ಪಲ್ಟಣಗಳಿದ್ದವು. ಆಗ ಧಾರವಾಡ, ಬೆಳಗಾವಿ ಜಿಲ್ಲೆಗಳು ಅದೇ ಪ್ರಾಂತಕ್ಕೆ ಸೇರಿದ್ದವು. ತುರ್ಕರ ಮುತ್ತಿಗೆಯು 147 ದಿನ ನಡೆಯಿತು. ಕೊನೆಗೆ, 1916ರ ಏಪ್ರಿಲ್ 29ರಂದು, ಅವರನ್ನು ಮಣಿಸಿದ್ದು ಹಸಿವು. ಧಾನ್ಯವು ತೀರಿತು, ಸವಾರಿಯ ಕುದುರೆಗಳೇ ಆಹಾರವಾದವು. ಕಾಯಿಪಲ್ಲೆಯಿಲ್ಲದೆ ರಕ್ತವು ಕೆಟ್ಟು ಜನರು ಸತ್ತರು. ಸೆರೆಯಾದ ಸುಮಾರು 13,000 ಜನರಲ್ಲಿ ಸಾವಿರಾರು ಮಂದಿ ಮರುಭೂಮಿಯ ದಾರಿಯಲ್ಲಿಯೂ ಸೆರೆಮನೆಗಳಲ್ಲಿಯೂ ರೋಗದಿಂದ ಅಳಿದರು. ಮರುಭೂಮಿಯಾಗಲಿ ಹಿಮಭೂಮಿಯಾಗಲಿ, ಸಿಪಾಯಿಯನ್ನು ಸವೆಸುವದು ಹೊಟ್ಟೆ, ನೀರು, ನಿದ್ದೆ, ಬೇನೆ ಇವೇ.

ಈ ತಿಳಿವಳಿಕೆಯಿಂದ ನಮಗೇನು ಪ್ರಯೋಜನವೆಂದು ಕೇಳಬಹುದು. ಪ್ರಯೋಜನವಿದೆ. ಈಗಲೂ ನಮ್ಮ ಹಳ್ಳಿಗಳಲ್ಲಿ ನಸುಕಿನಲ್ಲಿ ಎದ್ದು ಭರತಿಗಾಗಿ 1,600 ಮೀಟರ್ ಓಟದ ಅಭ್ಯಾಸ ಮಾಡುವ ಹುಡುಗರಿದ್ದಾರೆ. 2022ರಲ್ಲಿ ಬಂದ ಅಗ್ನಿಪಥ ಯೋಜನೆಯಂತೆ ಸೇರಿದವನಿಗೆ ಮೊದಲು 4 ವರ್ಷಗಳ ಸೇವೆ. ಆಮೇಲೆ ನಾಲ್ವರಲ್ಲಿ ಒಬ್ಬನವರೆಗೆ ಕಾಯಂ ಆಗುವ ಅವಕಾಶ. ಮಿಕ್ಕವರು ಹರೆಯದಲ್ಲಿಯೇ ಮನೆಗೆ ಮರಳುವರು. ದೊಡ್ಡಾಟದ ವೀರನಾಗಲು ಹೋದ ಹುಡುಗನಿಗೆ ಸಲಿಕೆ ಕೊಟ್ಟಾಗ ಅವನು ತನ್ನ ಬಾಳು ವ್ಯರ್ಥವಾಯಿತೆಂದು ಕುಗ್ಗಬಾರದು. ಮರಳಿ ಬಂದಾಗ, ಹೇಳಿಕೊಳ್ಳಲು ಒಂದು ಗುಂಡಿನ ಕಥೆಯೂ ಇಲ್ಲವೆಂದು ನಾಚಬಾರದು. ಇನ್ನು ಕೆಲವರಿಗೆ ಗುಂಡಿನ ಕಥೆಯಿದ್ದರೂ ಅದನ್ನು ಕಟ್ಟೆಯ ಮೇಲೆ ಹೇಳುವ ಮನಸ್ಸಿರುವದಿಲ್ಲ. ಅವರನ್ನು ಕೆದಕುವದು ಗಾಯವನ್ನು ಕೆದಕಿದಂತೆ. ಅವನ ಹಿಂದೆ ಊರಲ್ಲಿ ಹೊಲ, ಸಾಲ, ಮಕ್ಕಳ ಶಾಲೆ, ಅತ್ತೆ-ಮಾವಂದಿರ ಔಷಧ ಎಲ್ಲವನ್ನೂ ಒಬ್ಬಳೇ ತೂಗಿಸುವ ಹೆಂಡತಿಯ ಕಾವಲನ್ನಂತೂ ಯಾವ ಚಲಚ್ಚಿತ್ರವೂ ತೋರಿಸುವದಿಲ್ಲ.

ಕುಂದಗೋಳವು ಸಂಗೀತದ ಊರು. ಸವಾಯಿ ಗಂಧರ್ವರ ಕೀರ್ತಿಯನ್ನು ಕೇಳದ ಮನೆ ಇಲ್ಲಿಲ್ಲ. ಗದುಗಿನ ಕಡೆಯಿಂದ ಬಂದ ಹುಡುಗ ಭೀಮಸೇನ ಜೋಶಿಯವರು ಇಲ್ಲಿಯ ಗುರುಗೃಹದಲ್ಲಿ ನೀರು ಹೊತ್ತು, ಮನೆಗೆಲಸ ಮಾಡಿ, ವರ್ಷಗಟ್ಟಲೆ ಸ್ವರ ಸಾಧಿಸಿದರು. ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿಯಿಂದ ರೈಲಿನಲ್ಲಿ ಓಡಾಡಿ ಕಲಿತರು. ಸಭೆಯಲ್ಲಿ ಕುಳಿತವನು ಕೇಳುವದು ಎರಡು ತಾಸಿನ ಗಾನವನ್ನು. ಅದರ ಹಿಂದಿನ ನೀರಿನ ಕೊಡವೂ ರೈಲಿನ ದಾರಿಯೂ ಅವನಿಗೆ ಕೇಳಿಸುವದಿಲ್ಲ. ಆದರೂ ಸಾಧನೆಯ ಬೆಲೆಯನ್ನು ನಮ್ಮ ಊರವರಿಗೆ ಯಾರೂ ಕಲಿಸಬೇಕಾಗಿಲ್ಲ. ಅದೇ ತೂಕದಿಂದ ಸಿಪಾಯಿಯನ್ನೂ ತೂಗಬೇಕು. ಹನುಮಂತಪ್ಪನವರನ್ನು ದೇಶವು ಆರು ದಿನಗಳ ಪವಾಡಕ್ಕಾಗಿ ನೆನೆಯುತ್ತದೆ. ಅವರು 2002ರ ಅಕ್ಟೋಬರದಲ್ಲಿ ಸೇನೆ ಸೇರಿದವರು. 13 ವರ್ಷಗಳ ಸೇವೆಯಲ್ಲಿ 10 ವರ್ಷಗಳನ್ನು ಕಾಶ್ಮೀರದಲ್ಲಿ, ಈಶಾನ್ಯದ ಕಾಡುಗಳಲ್ಲಿ, ಹಿಮದಲ್ಲಿ, ಕಠಿಣವಾದ ಠಾಣ್ಯಗಳಲ್ಲಿಯೇ ಕಳೆದರು. ಆ ಹತ್ತು ವರ್ಷಗಳ ಬೆಳಗುಗಳನ್ನು ಯಾವ ಪತ್ರಿಕೆಯೂ ಬರೆಯಲಿಲ್ಲ; ಅಲ್ಲಿ ಬರೆಯುವಂಥದು ಏನೂ ನಡೆಯದಂತೆ ನೋಡಿಕೊಳ್ಳುವದೇ ಅವರ ಕೆಲಸವಾಗಿತ್ತು.

ಆದುದರಿಂದ ದಂಡಿನಿಂದ ಬಂದ ಮಗನಾಗಲಿ, ಅಳಿಯನಾಗಲಿ, ನೆರೆಯವನಾಗಲಿ ನಿಮ್ಮ ಮನೆಯ ಹೊಸ್ತಿಲು ದಾಟಿದಾಗ, ಎಷ್ಟು ಜನರನ್ನು ಕೊಂದೆ ಎಂದು ಕೇಳಬೇಡಿರಿ. ಅಲ್ಲಿ ನೀರು ಎಲ್ಲಿಂದ ತರುತ್ತಿದ್ದೆ, ಉಣ್ಣಲು ಏನಿತ್ತು, ನಿದ್ದೆ ಬರುತ್ತಿತ್ತೇ ಎಂದು ಕೇಳಿರಿ. ಅವನು ಹೇಳಿದರೆ ಕೇಳಿರಿ. ಹೇಳದಿದ್ದರೆ ಉಣ್ಣಲು ಬಡಿಸಿರಿ.