ಮಣ್ಣೆತ್ತು ಕಲಿಸಿದ ಪಾಠ

ಶಬ್ದಮಣಿದರ್ಪಣವನ್ನು ಗುರುಮುಖೇನ ಓದಿ, ವಿದ್ವತ್ ಪರೀಕ್ಷೆಯನ್ನು ಮುಗಿಸಿ, ಈ ಶಾಲೆಗೆ ಕನ್ನಡ ಪಂಡಿತನಾಗಿ ಬಂದ ನನಗೆ ಚಿತ್ರಕಲೆಯೊಡನೆ ಯಾವ ನಂಟೂ ಇರಲಿಲ್ಲ. 2014ರ ಜೂನ್ ತಿಂಗಳಲ್ಲಿ ಚಿತ್ರಕಲಾ ಶಿಕ್ಷಕರ ಸ್ಥಾನ ತೆರವಾಗಿದ್ದ ಕಾರಣ, ಮುಖ್ಯೋಪಾಧ್ಯಾಯರು ಐದನೆಯ ತರಗತಿಯ ಆ ಅವಧಿಯನ್ನು ನನಗೆ ವಹಿಸಿದರು. ಬಣ್ಣದ ಪೆಟ್ಟಿಗೆಗಳು ಇರಲಿಲ್ಲ. ನನಗೆ ನೆಟ್ಟಗೆ ಒಂದು ಗೆರೆ ಎಳೆಯಲೂ ಬರುತ್ತಿರಲಿಲ್ಲ. ಮಕ್ಕಳನ್ನು ಶಾಲೆಯ ಹಿಂದಿನ ತೋಪಿಗೆ ಕರೆದೊಯ್ದು, ‘ಕೈಗೆ ಸಿಕ್ಕುದರಿಂದ ಏನನ್ನಾದರೂ ಮಾಡಿರಿ’ ಎಂದು ಹೇಳಿ, ಹೊಂಗೆಯ ನೆರಳಿನಲ್ಲಿ ಪುಸ್ತಕ ಹಿಡಿದು ಕುಳಿತೆ. ಅದು ಹೊಣೆಯಿಂದ ನುಣುಚಿಕೊಳ್ಳುವ ಉಪಾಯವಾಗಿತ್ತೆಂದು ಈಗ ಒಪ್ಪಿಕೊಳ್ಳಲು ನನಗೆ ಸಂಕೋಚವಿಲ್ಲ.

ನಾಲ್ಕು ಪುಟ ಓದಿ ತಲೆಯೆತ್ತುವಷ್ಟರಲ್ಲಿ ಮಕ್ಕಳು ಬೇಲಿಯಂಚಿನ ಒಣ ಜೋಳದ ದಂಟುಗಳನ್ನು ಸುಲಿದು, ಒಳಗಿನ ಬೆಂಡನ್ನು ಗಾಲಿಗಳಾಗಿ ಕತ್ತರಿಸಿ, ಸಿಪ್ಪೆಯ ಸೀಳನ್ನೇ ಅಚ್ಚಾಗಿ ಚುಚ್ಚಿ ಬಂಡಿ ಕಟ್ಟಿದ್ದರು. ಅಂಟು ಬೇಕಾಗಿರಲಿಲ್ಲ, ಮೊಳೆ ಬೇಕಾಗಿರಲಿಲ್ಲ. ದಂಟಿನ ಹೊರಗೇ ಅದರ ಒಳಗನ್ನು ಹಿಡಿದು ನಿಲ್ಲಿಸಿತ್ತು. ಒಬ್ಬ ಬಾಲಕಿ ಹೊಂಗೆಯ ಒಣಕಾಯಿಗಳನ್ನು ನೆಲದ ಮೇಲೆ ಓರೆಯಾಗಿ ಜೋಡಿಸಿ ಮೀನಿನ ಹಿಂಡೊಂದನ್ನು ಹರಿಯಬಿಟ್ಟಿದ್ದಳು. ನಾನು ಪುಸ್ತಕವನ್ನು ಮುಚ್ಚಿದೆ.

ಮಣ್ಣೆತ್ತಿನ ಅಮಾವಾಸ್ಯೆಗೆ ಇನ್ನೂ ಹದಿನೈದು ದಿನಗಳಿದ್ದವು. ಎತ್ತುಗಳನ್ನು ಮಾಡೋಣವೆಂದು ನಾನೇ ಮುಂದಾದೆ. ಎರೆಮಣ್ಣು ಜಿಗುಟಾದುದರಿಂದ ಅದೇ ತಕ್ಕುದೆಂದು ತೀರ್ಮಾನಿಸಿ, ಒಂದು ಎತ್ತನ್ನು ತಿದ್ದಿ ಬಿಸಿಲಿಗಿಟ್ಟೆ. ಮರುದಿನ ನೋಡಿದರೆ ಅದರ ಬೆನ್ನು ಅಡ್ಡಡ್ಡಲಾಗಿ ಬಿರಿದಿತ್ತು. ಕುಂಬಾರ ಓಣಿಯ ಬಾಲಕನೊಬ್ಬ ವಿನಯದಿಂದ, ‘ಗುರುಗಳ, ಬರೇ ಎರಿಮಣ್ಣು ಒಣಗಿದ್ರ ಬಿರೀತದ್ರಿ. ಕೆರಿ ಮಣ್ಣಿಗೆ ಒಂದೀಟು ಬೂದಿ ಕಲಸಿ ನೆರಳಾಗ ಒಣಗಸಬೇಕ್ರಿ’ ಎಂದನು. ನೀರು ಕುಡಿದು ಉಬ್ಬಿ, ಒಣಗಿದಾಗ ಕುಗ್ಗಿ ಸೀಳುವುದು ಎರೆಯ ಸ್ವಭಾವ. ಬೇಸಗೆಯ ಹೊಲಗಳಲ್ಲಿ ಕೈ ತೂರುವಷ್ಟು ಬಿರುಕುಗಳನ್ನು ನಾನು ಬಾಲ್ಯದಿಂದ ಕಂಡಿದ್ದೆ. ಕಂಡದ್ದು ಕೈಗೆ ಇಳಿದಿರಲಿಲ್ಲ.

ಇಷ್ಟರಿಂದ ನಾನು ಬುದ್ಧಿ ಕಲಿತಿದ್ದರೆ ಈ ಲೇಖನವನ್ನು ಬರೆಯಬೇಕಾದ ಪ್ರಸಂಗವೇ ಇರುತ್ತಿರಲಿಲ್ಲ. ನನ್ನ ಬಾಲ್ಯದಲ್ಲಿ ನಮ್ಮ ಮನೆಯ ಮಣ್ಣೆತ್ತುಗಳಿಗೆ ಗುಲಗಂಜಿಯ ಕಣ್ಣುಗಳನ್ನು ಇಡುತ್ತಿದ್ದರು. ಆ ನೆನಪಿನ ಉತ್ಸಾಹದಲ್ಲಿ ಅಳಗುಳಿಮಣೆಯ ಡಬ್ಬಿಯಿಂದ ಒಂದು ಹಿಡಿ ಗುಲಗಂಜಿಯನ್ನು ತಂದು ಮಕ್ಕಳಿಗೆ ಹಂಚಿದೆ. ಸಂಸ್ಕೃತದ ‘ಗುಂಜಾ’ ಇದೇ ಎಂದೂ, ಅಕ್ಕಸಾಲಿಗರು ಇದರಿಂದ ಚಿನ್ನವನ್ನು ತೂಗುತ್ತಿದ್ದರೆಂದೂ, ಗುಲಗಂಜಿಗೆ ತನ್ನ ಕಪ್ಪು ತನಗೆ ಕಾಣದೆಂಬ ಗಾದೆಯುಂಟೆಂದೂ ಸವಿಸ್ತಾರವಾಗಿ ವಿವರಿಸಿದೆ. ಎರಡೂ ಕೈಗಳಿಗೆ ಮಣ್ಣು ಮೆತ್ತಿಕೊಂಡಿದ್ದ ಬಾಲಕನೊಬ್ಬ ತನ್ನ ಪಾಲಿನ ಎರಡು ಕಾಳುಗಳನ್ನು ದವಡೆಯಲ್ಲಿ ಇಟ್ಟುಕೊಂಡಿದ್ದನ್ನು ನಾನು ನೋಡಲಿಲ್ಲ. ದಾಸೋಹದ ಅಡುಗೆಮನೆಯಿಂದ ನೀರಿಗೆಂದು ಬಂದ ಅಜ್ಜಿ ನೋಡಿದಳು. ಕೊಡವನ್ನು ಅಲ್ಲಿಯೇ ಬಿಟ್ಟು ಓಡಿಬಂದು, ಅವನ ಗದ್ದ ಹಿಡಿದು, ‘ಉಗುಳೋ ಕೂಸ, ಉಗುಳು!’ ಎಂದು ಕೂಗಿದಳು. ಬಳಿಕ ನನ್ನ ಕಡೆಗೆ ತಿರುಗಿ, ‘ಇದು ವಿಷ ಅಲ್ಲೇನ್ರಿ ಗುರುಗಳ?’ ಎಂದಳು.

ಕಾಳುಗಳು ಒಡೆದಿರಲಿಲ್ಲ. ಗುಲಗಂಜಿಯ ವಿಷವು ಗಟ್ಟಿಯಾದ ಸಿಪ್ಪೆಯೊಳಗೆ ಅಡಗಿರುವುದು. ಅಗಿದರೆ, ಜಜ್ಜಿದರೆ ಪ್ರಾಣಾಪಾಯವುಂಟು. ಆದರೂ ಬಾಲಕನನ್ನು ವೈದ್ಯರ ಬಳಿಗೆ ಕರೆದೊಯ್ದು, ಸಂಜೆಯವರೆಗೆ ಅವನ ಪಕ್ಕದಲ್ಲಿ ಕುಳಿತೆ. ಸುದ್ದಿ ತಿಳಿದು ಹೊಲದಿಂದ ಬಂದ ತಂದೆ ಬೈಯಬಹುದೆಂದು ಕಾದಿದ್ದೆ. ಆತ ಮಗನ ತಲೆ ಸವರಿ, ‘ನೀವ ಇದ್ರಲ್ರಿ ಗುರುಗಳ, ನನಗೇನ್ ಚಿಂತಿ?’ ಎಂದನು. ಬೈಗುಳವನ್ನು ಸಹಿಸಿಕೊಳ್ಳಬಹುದಾಗಿತ್ತು. ಗುಲಗಂಜಿಯ ಹೆಸರು, ತೂಕ, ಗಾದೆಗಳೆಲ್ಲವನ್ನೂ ಬಲ್ಲ ನಾನು ಗುಲಗಂಜಿಯನ್ನೇ ಅರಿತಿರಲಿಲ್ಲ. ನಾನು ವಿವರಿಸಿದ ಗಾದೆಯ ಕಪ್ಪು ನನ್ನದೇ ಆಗಿತ್ತು.

ಆ ಅವಧಿಯನ್ನು ಬಿಟ್ಟುಕೊಡಲು ಮುಖ್ಯೋಪಾಧ್ಯಾಯರಲ್ಲಿಗೆ ಹೋದೆ. ಅವರು, ‘ತಪ್ಪು ತೋಪಿನದಲ್ಲ, ಪಂಡಿತರೇ’ ಎಂದಷ್ಟೇ ಹೇಳಿ ನನ್ನನ್ನು ಹಿಂದಕ್ಕೆ ಕಳುಹಿದರು. ಅಂದಿನಿಂದ ಒಂದು ನಿಯಮವನ್ನು ಪಾಲಿಸುತ್ತ ಬಂದಿದ್ದೇನೆ: ಬಲ್ಲವರನ್ನು ಕೇಳದೆ ಯಾವ ಕಾಯಿ, ಬೀಜ, ಎಲೆಯನ್ನೂ ಮಕ್ಕಳ ಕೈಗೆ ಕೊಡಲಾಗದು. ಎಕ್ಕದ ಹಾಲು ಕಣ್ಣಿಗೆ ಕೇಡೆಂಬುದನ್ನು ಅಡುಗೆಮನೆಯ ಆ ಅಜ್ಜಿಯೇ ತಿಳಿಸಿದಳು. ನಮ್ಮ ಎತ್ತುಗಳಿಗೆ ಈಗ ಜೋಳದ ಕಾಳಿನ ಕಣ್ಣು, ಹುಣಸೆಬೀಜದ ಗೊರಸು. ನೆಲಕ್ಕೆ ಬಿದ್ದುದನ್ನು ಮಾತ್ರ ಆಯುತ್ತೇವೆ.

ಬಣ್ಣವನ್ನೂ ನಾವೇ ಮಾಡಿಕೊಳ್ಳುತ್ತೇವೆ. ಅರಿಸಿನದ ನೀರಿಗೆ ಸುಣ್ಣ ಬಿದ್ದೊಡನೆ ಹಳದಿಯು ಕೆಂಪಾಗುವುದು. ಇದ್ದಿಲು ಕಪ್ಪನ್ನೂ, ಮುತ್ತುಗದ ಹೂವು ತನ್ನ ಋತುವಿನಲ್ಲಿ ಕಿತ್ತಳೆಯನ್ನೂ ಕೊಡುವುದು. ‘ವರ್ಣ’ದ ತದ್ಭವ ‘ಬಣ್ಣ’ವೆಂದು ಎಷ್ಟೋ ವರ್ಷ ಬೋಧಿಸಿದ ನಾನು ಬಣ್ಣವು ಹುಟ್ಟುವುದನ್ನು ಕಂಡದ್ದು ಮಕ್ಕಳ ನಡುವೆ ಕುಳಿತು. ಬೆಂಡು, ಸೀಳು, ಜಿಗುಟು, ಬಿರಿ ಎಂಬ ನುಡಿಗಳನ್ನು ಅವರಿಗೆ ನಾನು ಕಲಿಸಬೇಕಾಗಲಿಲ್ಲ. ಅವರ ಬಾಯಿಂದಲೇ ಕೇಳಿ ಬರೆದುಕೊಂಡೆ.

ಅಮಾವಾಸ್ಯೆ ಕಳೆದ ಮೇಲೆ ಮಕ್ಕಳು ತಮ್ಮ ಎತ್ತುಗಳನ್ನು ಕೆರೆಯ ನೀರಿಗೆ ಬಿಡುವರು. ಕೆರೆಯಿಂದ ಬಂದ ಮಣ್ಣು ಕೆರೆಗೆ ಸೇರುವುದು. ಮುಂದಿನ ವರ್ಷ ಮತ್ತೆ ಮಾಡಬಹುದೆಂದು ನಗುತ್ತ ಮರಳುವರು.

ಆದುದರಿಂದ ಈ ಸಂಸ್ಥೆಯ ಹಳೆಯ ವಿದ್ಯಾರ್ಥಿಗಳಲ್ಲಿಯೂ ಉದಾರಿಗಳಾದ ದಾನಿಗಳಲ್ಲಿಯೂ ನನ್ನದೊಂದು ಬಿನ್ನಹ. ಹೊಸ ಕೊಠಡಿಗಳು ಅವಶ್ಯವಾಗಿ ಆಗಲಿ. ಆದರೆ ಶಾಲೆಯ ಹಿಂದಿನ ಆ ತೋಪಿನ ನೆಲಕ್ಕೆ ಕಾಂಕ್ರೀಟು ಬೀಳದಿರಲಿ. ಅಲ್ಲಿ ಮಕ್ಕಳಿಗೆ ಒಂದು ತರಗತಿಯುಂಟು. ಅವರ ಪಂಡಿತನಿಗೂ ಉಂಟು.